ತೀರ್ಥಮ್ಮ ಟೀಚರ್ ಕೊಟ್ಟ ಹೊತ್ತು

ಅಜ್ಜಂಪುರದಲ್ಲಿ ಹೊಸ ಮನೆಗೆ ಹಾಲು ಉಕ್ಕಿಸುವವರು, ಬೋರು ಕೊರೆಸುವವರು, ಹೆಣ್ಣು ನೋಡಲು ಹೊರಡುವವರು ದಿನವನ್ನು ಮಠದ ಅಯ್ಯನವರ ಹತ್ತಿರ ಕೇಳುತ್ತಾರೆ. ಗಂಟೆಯನ್ನು ಕೇಳುವುದು ಮಾತ್ರ ತೀರ್ಥಮ್ಮ ಟೀಚರ್ ಹತ್ತಿರ. ಇದು ಯಾರೂ ಕೂತು ಮಾತಾಡಿ ಮಾಡಿದ ಏರ್ಪಾಡಲ್ಲ, ಹಾಗೇ ನಡೆದುಕೊಂಡು ಬಂದದ್ದು. ಅಯ್ಯನವರೇ ಒಮ್ಮೊಮ್ಮೆ, "ದಿನ ಚೆನ್ನಾಗಿದೆ. ಹೊತ್ತು ಟೀಚರಮ್ಮನ್ನ ಕೇಳ್ಕೊಂಡ್ಬಿಡಿ" ಎಂದು ಕೈ ತೊಳೆದುಕೊಳ್ಳುತ್ತಾರೆ.

ತೀರ್ಥಮ್ಮನವರಿಗೆ ಈಗ ಅರವತ್ತೆಂಟು. ಮೂವತ್ತೊಂದು ವರ್ಷ ತರೀಕೆರೆಯ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿದ್ದರು. ಅಷ್ಟೂ ವರ್ಷ ಬೆಳಗ್ಗೆ ಎಂಟರ ಬಸ್ಸಿಗೆ ಹೋಗಿ ಸಂಜೆ ಐದೂವರೆ ಬಸ್ಸಿಗೆ ಬಂದರು. ಮದುವೆಯಾಗಲಿಲ್ಲ, ಯಾಕೆಂದು ಊರು ಮೊದಮೊದಲು ಕೇಳಿತು, ಆಮೇಲೆ ಮರೆಯಿತು. ತಮ್ಮ ಸಿದ್ದಲಿಂಗೇಶನ ಮನೆಯ ಮುಂದಿನ ಕೋಣೆ ಅವರದು. ಅರ್ಧ ಅಂಕ ಕಡಿಮೆ ಬಿದ್ದ ಹುಡುಗನ ತಾಯಿ ಬಂದು ಅತ್ತರೂ ಅರ್ಧ ಅಂಕ ಕೊಟ್ಟವರಲ್ಲ ಎಂಬ ಮಾತು ತರೀಕೆರೆಯಲ್ಲಿ ಈಗಲೂ ಇದೆ. ಅದನ್ನು ಹೊಗಳಿಕೆ ಎಂದು ಹೇಳುವವರೂ ಇದ್ದಾರೆ, ಬೈಗುಳ ಎಂದು ಹೇಳುವವರೂ ಇದ್ದಾರೆ.

ಈ ಹೊತ್ತಿನ ಲೆಕ್ಕ ಅವರಿಗೆ ಬಂದದ್ದು ತಂದೆ ಪಂಚಾಕ್ಷರಪ್ಪನವರಿಂದ. ಪಂಚಾಕ್ಷರಪ್ಪನವರದು ದವಸದ ಅಂಗಡಿ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಬುಧವಾರ ರಾಹುಕಾಲ ಹನ್ನೆರಡರಿಂದ ಒಂದೂವರೆ ಎಂದು ಅಚ್ಚಾಗಿರುತ್ತದಲ್ಲ, ಅದನ್ನು ಅವರು ಒಪ್ಪುತ್ತಿರಲಿಲ್ಲ. "ಕ್ಯಾಲೆಂಡರಿನೋರು ಸೂರ್ಯನ್ನ ಒಂದ್ ಮಾತು ಕೇಳಿದಾರಾ?" ಎನ್ನುತ್ತಿದ್ದರು. ಜನವರಿಯಲ್ಲಿ ಏಳಕ್ಕೆ ಎಂಟು ಹತ್ತು ನಿಮಿಷ ಇರುವಾಗ ಹುಟ್ಟುವ ಸೂರ್ಯ ಜೂನಿನಲ್ಲಿ ಆರಕ್ಕೇ ಹುಟ್ಟುತ್ತಾನೆ. ಅವನು ಹುಟ್ಟಿದಾಗಿನಿಂದ ಮುಳುಗುವವರೆಗಿನ ಹಗಲನ್ನು ಎಂಟು ಪಾಲು ಮಾಡಬೇಕು. ವಾರಕ್ಕೆ ತಕ್ಕಂತೆ ಅದರಲ್ಲಿ ಒಂದು ಪಾಲು ರಾಹುವಿನದು. ಆ ಪಾಲಿನಲ್ಲಿ ಒಳ್ಳೆಯ ಕೆಲಸ ಶುರು ಮಾಡಬಾರದು. ಬುಧವಾರಕ್ಕೆ ಅದು ಐದನೇ ಪಾಲು, ಅಂದರೆ ನಡುಹಗಲಿಗೆ ಸರಿಯಾಗಿ ಶುರು. ಹಗಲು ಉದ್ದವಾದರೆ ಪಾಲು ಉದ್ದ, ಹಗಲು ಚಿಕ್ಕದಾದರೆ ಪಾಲು ಚಿಕ್ಕದು. ಇಷ್ಟೇ ಲೆಕ್ಕ. ಆದರೆ ಇಷ್ಟನ್ನು ತಾಳ್ಮೆಯಿಂದ ಮಾಡುವವರು ಅಜ್ಜಂಪುರದಲ್ಲಿ ಇವರೊಬ್ಬರೇ.

ಸಿದ್ದಲಿಂಗೇಶ ಆಗಾಗ ಕೆಣಕುತ್ತಾನೆ.

"ಅಕ್ಕಾ, ಒಳ್ಳೆ ಹೊತ್ತು ಕೆಟ್ಟ ಹೊತ್ತು ಅನ್ನೋದೆಲ್ಲ ಬರೀ ಭ್ರಮೆ ಅಂತ ನಮ್ಮ ಶರಣರು ಆಗ್ಲೇ ಹೇಳ್ಬಿಟ್ಟಿದ್ದಾರೆ. ನೀನಿನ್ನೂ ಭಾಗಾಕಾರ ಮಾಡ್ತಾ ಕೂತಿದ್ದೀಯ."

"ಭ್ರಮೆಯೋ ನಿಜವೋ ನಂಗೇನ್ ಗೊತ್ತೋ? ಕೇಳ್ಕೊಂಡು ಬಂದೋರಿಗೆ ಭಾಗಾಕಾರ ಅಂತೂ ಸರಿಯಾಗಿರ್ಬೇಕಲ್ಲ."

ಪರದೇಶದ ಹೊತ್ತು ಕೊಡಲು ಶುರು ಮಾಡಿದ್ದು ಮಸ್ಕತ್ತಿನಿಂದ. ಸಖರಾಯಪಟ್ಟಣದ ತಮ್ಮಯ್ಯ ಎಂಬುವನು ಅಲ್ಲಿ ಟೈಲ್ಸ್ ಹಾಕುವ ಕೆಲಸಕ್ಕೆ ಹೋಗಿದ್ದ. ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಬಾಡಿಗೆ ಮನೆ ಹಿಡಿದಾಗ, ಯಾವಾಗ ಒಳಗೆ ಕಾಲಿಡಬೇಕೆಂದು ಅಲ್ಲಿಂದ ಫೋನು ಮಾಡಿದ. ತೀರ್ಥಮ್ಮ ಹೊತ್ತು ಹೇಳಲಿಲ್ಲ; ಒಂದು ಕೆಲಸ ಹೇಳಿದರು. "ಮೂರು ದಿನ ನಿನ್ನ ಕಿಟಕೀಲಿ ನಿಂತ್ಕೊಂಡು ಸೂರ್ಯ ಯಾವಾಗ ಹುಟ್ದ, ಯಾವಾಗ ಮುಳುಗ್ದ, ನಿನ್ನ ಗೋಡೆ ಗಡಿಯಾರ ನೋಡ್ಕೊಂಡು ಬರ್ಕೊ. ಆಮೇಲೆ ಫೋನ್ ಮಾಡು." ಒಂದೇ ದಿನ ಬರೆದರೆ ಕಣ್ಣು ತಪ್ಪಬಹುದು. ಎರಡು ದಿನ ಬರೆದರೆ ಯಾವುದು ತಪ್ಪು ಎಂದು ಗೊತ್ತಾಗುವುದಿಲ್ಲ. ಮೂರು ದಿನ ಬರೆದರೆ ಸೂರ್ಯ ಯಾವ ಕಡೆಗೆ ಜರುಗುತ್ತಿದ್ದಾನೆ ಎಂಬುದೂ ತಿಳಿಯುತ್ತದೆ. ಮೊಬೈಲಿನಲ್ಲೇ ಎಲ್ಲ ಸಿಗುತ್ತದಲ್ಲ ಎಂದು ಯಾರಾದರೂ ಹೇಳಿದರೆ, "ಸಿಗುತ್ತೆ. ಆದ್ರೆ ಕೆಲಸ ಇರೋನು ಅವನು. ಅವನೇ ಒಂದ್ಸಲ ಸೂರ್ಯನ ಮುಖ ನೋಡ್ಲಿ" ಎನ್ನುತ್ತಿದ್ದರು.

ಹಾಗೆ ಉದ್ದ ನೋಟುಬುಕ್ಕಿನಲ್ಲಿ ಊರಿಗೊಂದು ಪುಟವಾಯಿತು. ಮಸ್ಕತ್, ಕುವೈತ್, ನೈರೋಬಿ, ಸಿಂಗಾಪುರ. ಹೊತ್ತಿನ ಪಕ್ಕದಲ್ಲಿ ಬೇರೆ ಸಂಗತಿಗಳೂ ಸೇರಿದವು. ಮಸ್ಕತ್ತಿನಲ್ಲಿ ಒಂದು ರಿಯಾಲಿಗೆ ನೂರಲ್ಲ, ಸಾವಿರ ಬೈಸಾ. ವಾರದ ರಜೆ ಶುಕ್ರವಾರ, ಶನಿವಾರ. ನೈರೋಬಿಯಲ್ಲಿ ಶಾಲೆ ಜನವರಿಯಲ್ಲಿ ಶುರು, ಸೂರ್ಯ ವರ್ಷವಿಡೀ ಆರೂವರೆಯ ಆಸುಪಾಸಿನಲ್ಲೇ ಹುಟ್ಟುತ್ತಾನೆ. ಸಿಂಗಾಪುರದಲ್ಲಿ ಹಗಲು ನಮ್ಮಷ್ಟೇ, ಆದರೆ ಗಡಿಯಾರ ಏಳು ತೋರಿಸಿದ ಮೇಲೆ ಬೆಳಕು. ಮೊಮ್ಮಕ್ಕಳಿಗೆ ಯಾವಾಗ ರಜೆ, ಅಲ್ಲಿಂದ ತಂದ ನಾಣ್ಯ ಎಷ್ಟರದು ಎಂದು ಕೇಳಲು ಕೂಡ ಜನ ಬರತೊಡಗಿದರು. ಟೀಚರ್ ಬುಕ್ಕು ತೆಗೆದು ಓದಿ ಹೇಳುತ್ತಿದ್ದರು. ಕಾಣಿಕೆ ಎಂದು ಏನೂ ಮುಟ್ಟುತ್ತಿರಲಿಲ್ಲ.

ಆ ನಾಲ್ಕು ಊರುಗಳಿಗೂ ಒಂದು ಗುಣ ಸಮನಾಗಿತ್ತು. ಅವುಗಳ ಗಡಿಯಾರವನ್ನು ವರ್ಷದಲ್ಲಿ ಒಂದು ಸಲವೂ ಯಾರೂ ತಿರುಗಿಸುವುದಿಲ್ಲ. ತಿರುಗಿಸುವ ಊರುಗಳೂ ಇವೆ ಎಂದು ಟೀಚರಿಗೆ ಗೊತ್ತಿರಲಿಲ್ಲ, ಬುಕ್ಕಿಗೂ ಗೊತ್ತಿರಲಿಲ್ಲ.

ಮಾರ್ಚ್ ಕೊನೆಯ ವಾರ ಬಸ್ ಸ್ಟ್ಯಾಂಡಿನ ಹತ್ತಿರ ಬಳೆ ಅಂಗಡಿ ಇಟ್ಟಿರುವ ಯಶೋದಾ ಬಂದಳು. ಅವಳ ಗಂಡ ಬೆನಕಪ್ಪ ದನದ ಫಾರಂನಲ್ಲಿ ಕೆಲಸಕ್ಕಿದ್ದವನು. ದನಗಳ ನಡುವೆಯೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಮಗಳು ಹೇಮಶ್ರೀಯೂ ಅದೇ ದಾರಿ ಹಿಡಿದು ಪಶುಪಾಲನೆಯ ಡಿಪ್ಲೊಮಾ ಓದಿದಳು. ಅವಳನ್ನು ಕಡೂರಿನ ದುಶ್ಯಂತನಿಗೆ ಕೊಟ್ಟಿದ್ದರು. ಅವನದೂ ಅದೇ ಓದು. ಇಬ್ಬರೂ ಈಗ ನ್ಯೂಜಿಲೆಂಡಿನ ದಕ್ಷಿಣದ ತುದಿಯಲ್ಲಿ, ಆರುನೂರು ಹಸು ಕಟ್ಟಿದ ಒಂದು ಡೈರಿಯಲ್ಲಿ ಹಾಲು ಕರೆಯುವ ಷೆಡ್ಡು ನೋಡಿಕೊಳ್ಳುತ್ತಾರೆ.

ಹೇಮಶ್ರೀಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಒಂದು ಕಡೂರಿನಲ್ಲಿದ್ದಾಗ ಐದನೇ ತಿಂಗಳಿಗೆ ಹೋಯಿತು, ಇನ್ನೊಂದು ಅಲ್ಲಿಗೆ ಹೋದ ಮೇಲೆ ಏಳನೇ ತಿಂಗಳಿಗೆ. ಈಗ ಜನವರಿಯಲ್ಲಿ ಗಂಡು ಮಗು ಹುಟ್ಟಿತ್ತು. ಮೂರು ತಿಂಗಳಾಗುತ್ತ ಬಂದರೂ ಹೆಸರಿಟ್ಟಿರಲಿಲ್ಲ.

"ಇಡೋಕೆ ಹೆದರ್ತಾಳೆ ಟೀಚ್ರೇ," ಎಂದಳು ಯಶೋದಾ. "ಹೆಸರಿಟ್ರೆ ಏನಾದ್ರೂ ಆಗ್ಬಿಡುತ್ತೆ ಅನ್ನೋ ಥರ ಆಡ್ತಾಳೆ. ಪಾಪು ಅಂತಾಳೆ, ಮರಿ ಅಂತಾಳೆ, ಹೆಸರು ಮಾತ್ರ ಬೇಡ. ಕೊನೆಗೆ ನೆನ್ನೆ ಏನಂದ್ಲು ಗೊತ್ತಾ? ತೀರ್ಥಮ್ಮ ಟೀಚರ್ ಹೊತ್ತು ಕೊಟ್ರೆ ಇಡ್ತೀನಿ, ಅವ್ರು ತಪ್ಪಲ್ಲ ಅಂದ್ಲು."

ಹೇಮಶ್ರೀ ಎಂಟು, ಒಂಬತ್ತು, ಹತ್ತನೇ ಕ್ಲಾಸಿನಲ್ಲಿ ಟೀಚರ್ ಮನೆಗೆ ಲೆಕ್ಕದ ಪಾಠಕ್ಕೆ ಬರುತ್ತಿದ್ದವಳು.

"ಅಯ್ಯನೋರು ದಿನ ಯಾವುದು ಕೊಟ್ರು?"

"ಏಪ್ರಿಲ್ ಎಂಟು, ಬುಧವಾರ."

"ಅವಳಿಗೆ ಹೇಳು, ಮೂರು ದಿನ ಸೂರ್ಯನ್ನ ಬರ್ಕೊಂಡು ಶುಕ್ರವಾರ ಫೋನ್ ಮಾಡ್ಲಿ."

"ಈ ಸಲ ಒಂಚೂರೂ ಹೆಚ್ಚುಕಮ್ಮಿ ಆಗ್ಬಾರ್ದು ಟೀಚ್ರೇ. ಅವ್ಳ ಜೀವ ಅದ್ರಲ್ಲೇ ಇದೆ."

"ಅದಕ್ಕೇ ಕಣೇ ಮೂರು ದಿನ ಅಂದಿದ್ದು."

ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಕೂತಾಗ ಹೇಮಶ್ರೀಯ ಫೋನು ಬಂತು. ಇಲ್ಲಿ ಒಂದೂವರೆ, ಅಲ್ಲಿ ರಾತ್ರಿ ಒಂಬತ್ತು. ಏಳೂವರೆ ಗಂಟೆ ಮುಂದು ಎಂದು ಟೀಚರ್ ಹೊಸ ಪುಟದ ತಲೆಯಲ್ಲಿ ಬರೆದುಕೊಂಡರು. ಸೂರ್ಯ ಹುಟ್ಟಿದ್ದು ಬುಧವಾರ ಎಂಟು ನಾಲ್ಕಕ್ಕೆ, ಗುರುವಾರ ಎಂಟು ಐದಕ್ಕೆ, ಶುಕ್ರವಾರ ಎಂಟು ಏಳಕ್ಕೆ.

"ಎಂಟು ಗಂಟೆಗಾ? ಸೋಮಾರಿ ಸೂರ್ಯ ಕಣೇ ನಿಮ್ದು."

"ಇಲ್ಲಿ ಎಲ್ಲ ತಿರುವು ಮುರುವು ಟೀಚರ್. ಸೂರ್ಯ ಉತ್ತರದ ಕಡೆಯಿಂದ ಹಾಯ್ತಾನೆ, ಮಧ್ಯಾಹ್ನ ನೆರಳು ದಕ್ಷಿಣಕ್ಕೆ ಬೀಳುತ್ತೆ. ಬಂದ ಹೊಸದ್ರಲ್ಲಿ ದಿಕ್ಕೇ ತಪ್ಪೋಗಿತ್ತು. ನಿಮಗೆ ಬೇಸಿಗೆ ಶುರುವಾದ್ರೆ ನಮಗೆ ಚಳಿ ಶುರು. ಮಕ್ಕಳಿಗೆ ಬೇಸಿಗೆ ರಜೆ ಡಿಸೆಂಬರಲ್ಲಿ."

"ಸ್ಕೂಲಿಗೆ ಸೇರ್ಸೋದು?"

"ಅದಕ್ಕೆ ತಿಂಗಳೇ ಇಲ್ಲ ಟೀಚರ್. ಐದು ವರ್ಷ ತುಂಬಿದ ಹುಟ್ಟಿದಬ್ಬದ ದಿನ ಹೋಗಿ ಕೂತ್ಕೊಂಡ್ರೂ ಸೇರಿಸ್ಕೋತಾರೆ."

ತೀರ್ಥಮ್ಮನವರಿಗೆ ನಗು ಬಂತು. "ನಮ್ಮಲ್ಲಿ ಉಲ್ಟಾ ಕಣಮ್ಮ. ಸ್ಕೂಲು ಯಾವಾಗ ಶುರುವೋ ಆವತ್ತೇ ಹುಟ್ಟಿದಬ್ಬ. ನಿಮ್ಮಪ್ಪಂದು ರೆಕಾರ್ಡಲ್ಲಿ ಜೂನ್ ಒಂದು ಅಲ್ವಾ? ಅಜ್ಜಂಪುರದ ಅರ್ಧ ಗಂಡಸ್ರು ಜೂನ್ ಒಂದಕ್ಕೇ ಹುಟ್ಟಿರೋದು. ಹೆಡ್‌ಮೇಷ್ಟ್ರು ಬರ್ಕೊಂಡಿದ್ದೇ ಜಾತಕ."

ಹತ್ತು ಸೆಂಟಿಗಿಂತ ಚಿಕ್ಕ ನಾಣ್ಯ ಅಲ್ಲಿಲ್ಲ, ಅಂಗಡಿಯವರು ಹೆಚ್ಚೋ ಕಡಿಮೆಯೋ ಮಾಡಿ ಸರಿಮಾಡಿಬಿಡುತ್ತಾರೆ ಎಂಬುದನ್ನೂ ಟೀಚರ್ ಬರೆದುಕೊಂಡರು. ಅದು ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಆಮೇಲೆ ಲೆಕ್ಕಕ್ಕೆ ಕೂತರು. ಎಂಟನೇ ತಾರೀಖಿಗೆ ಸೂರ್ಯ ಹುಟ್ಟುವುದು ಎಂಟು ಹದಿಮೂರಕ್ಕೆ, ಮುಳುಗುವುದು ಸಂಜೆ ಏಳು ಇಪ್ಪತ್ತೆರಡಕ್ಕೆ. ನಡುಹಗಲು ಒಂದು ನಲವತ್ತೇಳು. ಅಲ್ಲಿಂದ ಮೂರು ಹನ್ನೊಂದರವರೆಗೆ ರಾಹುಕಾಲ. ದುಶ್ಯಂತ ಮಧ್ಯಾಹ್ನದ ಹಾಲಿಗೆ ಎರಡಕ್ಕೆಲ್ಲ ಷೆಡ್ಡಿಗೆ ಹೊರಡಬೇಕು. ಹಾಗಾಗಿ ಹನ್ನೆರಡೂ ಮುಕ್ಕಾಲಿಗೆ ಶುರು ಮಾಡಿ ಒಂದೂವರೆಯೊಳಗೆ ಹೆಸರಿಟ್ಟು ಮುಗಿಸಬೇಕೆಂದು ಹೇಳಿದರು.

"ನಿಮ್ಮ ಹನ್ನೆರಡೂ ಮುಕ್ಕಾಲು ಅಂದ್ರೆ ನಮ್ಮ ಐದೂ ಕಾಲು. ಬೆಳಗಿನ ಜಾವ ಎದ್ದು ಕಾಯ್ತೀವಿ."

"ಬರ್ಕೊಂಡೆ ಟೀಚರ್. ಹನ್ನೆರಡು ನಲವತ್ತೈದು." ಬರೆದುಕೊಂಡವಳು ಮತ್ತೆ ಕೇಳಿದಳು, "ಇದು ಖಂಡಿತಾ ತಾನೆ?"

"ನೀನು ಬರೆದಿದ್ದು ಸರಿಯಾಗಿದ್ರೆ ನಾನು ಹೇಳಿದ್ದೂ ಸರಿ."

ಅವಳು ಬರೆದದ್ದು ಸರಿಯಾಗಿಯೇ ಇತ್ತು.

ಹೆಸರನ್ನು ಮಗುವಿನ ಕಿವಿಯಲ್ಲಿ ಹೇಳಬೇಕಾದವಳು ಸೋದರತ್ತೆ. ದುಶ್ಯಂತನ ಅಕ್ಕ ಸುಮನಾ ಇರುವುದು ಕಡೂರಿನಲ್ಲಿ. ಅವಳು ಹಿಂದಿನ ದಿನವೇ ಬಸ್ಸು ಹತ್ತಿ ಯಶೋದಾಳ ಮನೆಗೆ ಬಂದಿದ್ದಳು. ಇಲ್ಲಿಂದ ಅವಳು ಹೇಳುವುದು, ಅಲ್ಲಿ ಫೋನನ್ನು ಮಗುವಿನ ಕಿವಿಗೆ ಹಿಡಿಯುವುದು ಎಂದು ಗೊತ್ತಾಗಿತ್ತು. ಬುಧವಾರ ಐದು ಗಂಟೆಗೆ ತೀರ್ಥಮ್ಮ ಟಾರ್ಚು ಹಿಡಿದುಕೊಂಡು ಬಂದಾಗ ಮನೆಯಲ್ಲಿ ಎಲ್ಲರೂ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ದೀಪ ಹಚ್ಚಿ, ಟಿ.ವಿ. ಮೇಜಿನ ಮೇಲೆ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಕೂತಿದ್ದರು.

ಐದೂ ಕಾಲು ಆಯಿತು. ಫೋನು ಬರಲಿಲ್ಲ.

ಐದು ಇಪ್ಪತ್ತೈದು ಆಯಿತು.

"ಮಗೂಗೆ ಬಟ್ಟೆ ಹಾಕ್ತಿರ್ತಾರೆ," ಎಂದ ಬೆನಕಪ್ಪ.

"ಹತ್ತು ನಿಮಿಷ ಬಟ್ಟೆ ಹಾಕ್ತಾರಾ? ನೀವೇನ್ ಅದಕ್ಕೆ ಪಂಚೆ ಕಚ್ಚೆ ಹಾಕ್ಸೋಕೆ ಹೇಳಿದ್ರಾ?" ಎಂದಳು ಯಶೋದಾ. ಮಾತು ತಮಾಷೆಯದೇ, ದನಿ ತಮಾಷೆಯದಾಗಿರಲಿಲ್ಲ.

"ನೀನೇ ಮಾಡು ಫೋನು," ಎಂದರು ತೀರ್ಥಮ್ಮ.

ಯಶೋದಾ ಮಾಡಲಿಲ್ಲ. ಎರಡು ಸಲವೂ ಕೆಟ್ಟ ಸುದ್ದಿ ಅವಳಿಗೆ ಮುಟ್ಟಿದ್ದು ಹೀಗೇ, ಬರಬೇಕಾದ ಫೋನು ಬರದೆ ಇವಳಾಗಿ ಮಾಡಿದಾಗ. ಆ ಮಾತನ್ನು ಅವಳು ಹೇಳಲಿಲ್ಲ. ಬೆನಕಪ್ಪ ಹೇಳಿದ, ಅದೂ ಹೊರಗೆ ಜಗಲಿಗೆ ಬಂದು, ಟೀಚರಿಗೆ ಮಾತ್ರ ಕೇಳುವಂತೆ.

ಐದು ನಲವತ್ತಕ್ಕೆ ಅವನೇ ಮಾಡಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಯಶೋದಾ ದೇವರ ಮುಂದೆ ಹೋಗಿ ಕೂತುಬಿಟ್ಟಳು. ತೀರ್ಥಮ್ಮ ನೋಟುಬುಕ್ಕು ತೆರೆದು ಲೆಕ್ಕವನ್ನು ಮೊದಲಿನಿಂದ ಮತ್ತೆ ಮಾಡಿದರು. ಎಲ್ಲಿಯೂ ತಪ್ಪಿರಲಿಲ್ಲ. ಕೂತು ಕೂತು ಬೇಸತ್ತ ಸುಮನಾ, "ಸುಮ್ನೆ ಕೂತ್ರೆ ಇಲ್ಲದ್ದೆಲ್ಲ ತಲೆಗೆ ಬರುತ್ತೆ, ನಾನು ಬಾಗಿಲಿಗಾದ್ರೂ ರಂಗೋಲಿ ಹಾಕ್ತೀನಿ" ಎಂದು ರಂಗೋಲಿ ಬಟ್ಟಲು ಹಿಡಿದುಕೊಂಡು ಅಂಗಳಕ್ಕೆ ಹೋದಳು.

ಆರು ಗಂಟೆ ಒಂಬತ್ತು ನಿಮಿಷಕ್ಕೆ ಫೋನು ಬಂತು.

ಪರದೆಯಲ್ಲಿ ಹೇಮಶ್ರೀ. ರೇಷ್ಮೆ ಸೀರೆ, ತಲೆತುಂಬ ಅಲ್ಲಿಯದೇ ಯಾವುದೋ ಬಿಳಿ ಹೂವು, ಮಡಿಲಲ್ಲಿ ಮಗು. ಹಿಂದೆ ಕಿಟಕಿಯ ತುಂಬ ಬಿಸಿಲು.

"ಅಮ್ಮಾ, ಫೋನ್ ಮಾಡಿದ್ರಾ? ಪಾಪುಗೆ ನೀರು ಹಾಕ್ತಿದ್ದೆ, ಕೇಳಿಸ್ಲಿಲ್ಲ."

"ನಿನ್ನ ಮನೆ ಹಾಳಾಗ! ಒಂದ್ ಗಂಟೆಯಿಂದ ಜೀವ ಕೈಲಿ ಹಿಡ್ಕೊಂಡು ಕೂತಿದ್ದೀವಿ ಕಣೇ!"

"ಯಾಕೆ? ನಾನು ಇನ್ನೂ ಐದಾರು ನಿಮಿಷ ಮುಂಚೇನೇ ಮಾಡಿದ್ದೀನಿ. ಇನ್ನೂ ಹನ್ನೆರಡು ನಲವತ್ತು ಆಗಿಲ್ಲ ಇಲ್ಲಿ."

ಬೆನಕಪ್ಪ ಗೋಡೆಯ ಗಡಿಯಾರ ನೋಡಿದ, ಹೆಂಡತಿಯನ್ನು ನೋಡಿದ. "ಟೀಚರಮ್ಮ ಐದೂ ಕಾಲು ಅಂದಿದ್ರಲ್ಲ."

ಅಷ್ಟರಲ್ಲಿ ಪರದೆಯ ಮೂಲೆಯಿಂದ ದುಶ್ಯಂತ ಮುಖ ಇಣುಕಿಸಿದ. "ಮಾವ, ಅದಾ? ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಟ್ರು. ಬೇಸಿಗೆ ಮುಗೀತು ಅಂದ್ರೆ ಹಿಂಗೇ ಮಾಡೋದು, ದೇಶಾನೇ ಮಾಡುತ್ತೆ. ಹೇಳೋಕೆ ಮರೆತ್ಬಿಟ್ವಿ."

"ಇಡೀ ದೇಶದ ಗಡಿಯಾರಾನಾ?"

"ಹೂಂ ಮಾವ. ಹಸುಗಳು ಮಾತ್ರ ಒಪ್ಪಲ್ಲ. ಅವು ಹಳೇ ಟೈಮಿಗೇ ಬಂದು ಗೇಟ್ ಹತ್ರ ನಿಂತು ಕೂಗ್ತಾವೆ. ದಿನಾ ಹತ್ತು ಹತ್ತು ನಿಮಿಷ ತಡ ಮಾಡಿ ರೂಢಿ ಮಾಡಿಸ್ತಾ ಇದ್ದೀವಿ."

"ಅವುಕ್ಕಾದ್ರೂ ಬುದ್ಧಿ ಇದೆಯಲ್ಲಪ್ಪ," ಎಂದು ಬೆನಕಪ್ಪ ನಗಲು ಹೋದ. ನಗುವ ಮುಂಚೆ ಟೀಚರ ಮುಖ ಕಂಡಿತು.

ತೀರ್ಥಮ್ಮ ನೋಟುಬುಕ್ಕಿನ ಪುಟವನ್ನೇ ನೋಡುತ್ತಿದ್ದರು. ನಮ್ಮಲ್ಲಿ ಬಿಸಿಲು ಹೆಚ್ಚಾದರೆ ಶಾಲೆಯನ್ನು ಬೆಳಗಿಗೆ ಜರುಗಿಸುತ್ತಾರೆ, ಕಚೇರಿಯನ್ನು ಜರುಗಿಸುತ್ತಾರೆ. ಗಡಿಯಾರವನ್ನೇ ಜರುಗಿಸುವುದುಂಟು ಎಂದು ಅವರಿಗೆ ಅರವತ್ತೆಂಟು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಸೂರ್ಯ ಹಸುಗಳ ಹಾಗೆ ಹಳೆಯ ಹೊತ್ತಿಗೇ ಬಂದಿರುತ್ತಾನೆ. ಎಂಟು ಹದಿಮೂರಲ್ಲ, ಇವತ್ತು ಅಲ್ಲಿ ಏಳು ಹದಿಮೂರಕ್ಕೆ ಹುಟ್ಟಿರುತ್ತಾನೆ. ನಡುಹಗಲು ಒಂದು ನಲವತ್ತೇಳಲ್ಲ, ಹನ್ನೆರಡು ನಲವತ್ತೇಳು. ರಾಹುಕಾಲಕ್ಕೆ ಮುಂಚೆ ಎಂದು ತಾವು ಆರಿಸಿ ಕೊಟ್ಟ ಹೊತ್ತು, ಮೊದಲ ಎರಡು ನಿಮಿಷ ಬಿಟ್ಟರೆ, ಪೂರ್ತಿ ರಾಹುಕಾಲದಲ್ಲಿತ್ತು.

"ಹೇಮಾ, ನಿನ್ನ ಫೋನಲ್ಲಿ ಈಗೆಷ್ಟು?"

"ಹನ್ನೆರಡು ನಲವತ್ತೊಂದು ಟೀಚರ್."

ಆರು ನಿಮಿಷ. ಅದು ದಾಟಿದರೆ ಎರಡು ಹನ್ನೊಂದರವರೆಗೆ ಕಾಯಬೇಕು. ಅಷ್ಟು ಹೊತ್ತಿಗೆ ದುಶ್ಯಂತ ಷೆಡ್ಡಿನಲ್ಲಿರುತ್ತಾನೆ. ಸುಮ್ಮನಿದ್ದುಬಿಟ್ಟರೂ ಆಗುತ್ತಿತ್ತು. ಆ ಮನೆಯಲ್ಲಿ, ಈ ಮನೆಯಲ್ಲಿ, ಇದನ್ನು ತಿಳಿಯಬಲ್ಲವರು ಬೇರೆ ಯಾರೂ ಇರಲಿಲ್ಲ.

"ನೋಡಮ್ಮ," ಎಂದರು. "ನಾನು ಕೊಟ್ಟ ಹೊತ್ತು ತಪ್ಪು. ನಿಮ್ಮ ಗಡಿಯಾರ ಜರುಗಿದ್ದು ನಂಗೆ ಗೊತ್ತಿರ್ಲಿಲ್ಲ, ಕೇಳ್ಬೇಕಿತ್ತು, ಕೇಳ್ಲಿಲ್ಲ. ನಿಮ್ಮ ಹನ್ನೆರಡು ನಲವತ್ತೇಳಕ್ಕೆ ರಾಹುಕಾಲ ಶುರುವಾಗುತ್ತೆ. ಪೂಜೆ, ಆರತಿ, ತೊಟ್ಟಿಲು ಎಲ್ಲ ಆಮೇಲಿರ್ಲಿ. ಮೊದ್ಲು ಹೆಸರು ಹೇಳ್ಬಿಡಿ."

ಹೇಮಶ್ರೀ ಮಗುವನ್ನು ಅವುಚಿಕೊಂಡಳು.

"ಸುಮನಾ!" ಯಶೋದಾ ಬಾಗಿಲಿಗೆ ಓಡಿದಳು. "ಸುಮನಾ, ಬಾರೇ ಬೇಗ!"

"ಬಂದೆ ಯಶೋದಮ್ಮ, ಇನ್ನೊಂದೇ ಎಳೆ..."

"ಎಳೆ ಮನೆ ಹಾಳಾಯ್ತು, ಬಾ! ಹೆಸರು ಹೇಳ್ಬೇಕಂತೆ, ಈಗ್ಲೇ!"

ಸುಮನಾ ಕೈತುಂಬ ರಂಗೋಲಿ ಪುಡಿಯೊಂದಿಗೆ ಓಡಿ ಬಂದಳು. ಕೈ ತೊಳೆಯಬೇಕು ಎಂದಳು. ತೊಳೆಯುವುದು ಬೇಡ ಎಂದರು. ಸೆರಗಿಗೆ ಒರೆಸಿಕೊಂಡಳು. ಯಾರು ಫೋನು ಹಿಡಿಯಬೇಕು, ಯಾವ ಕಿವಿ, ಬಲವೋ ಎಡವೋ ಎಂದು ಮಾತು ಹತ್ತಿತು. ಬಲ ಎಂದ ಬೆನಕಪ್ಪ. ಅತ್ತ ದುಶ್ಯಂತ ಫೋನು ತಿರುಗಿಸಿದಾಗ ಒಮ್ಮೆ ಸೂರು ಕಂಡಿತು, ಒಮ್ಮೆ ಕಿಟಕಿಯಾಚೆ ಹಸಿರು ಹುಲ್ಲಿನ ಬಯಲು ಕಂಡಿತು, ಕೊನೆಗೆ ಮಗುವಿನ ಕಿವಿ ಪರದೆಯ ತುಂಬ ಬಂತು. ಸಣ್ಣದು, ಅಂಚಿನಲ್ಲಿ ಇನ್ನೂ ನವಿರು ಕೂದಲಿದ್ದದ್ದು.

ತೀರ್ಥಮ್ಮ ಕೈಗಡಿಯಾರ ಕಣ್ಣಿನ ಹತ್ತಿರ ಹಿಡಿದಿದ್ದರು. ಆರು ಹದಿನಾರು ದಾಟಿತ್ತು.

"ಹೇಳು," ಎಂದರು.

"ನಿರಂಜನ," ಎಂದಳು ಸುಮನಾ.

ಮೂರು ಸಲ ಹೇಳಬೇಕು. ಎರಡನೆಯದಕ್ಕೆ ಬಾಯಿ ತೆರೆಯುವಾಗ ಕಿವಿ ಹಾಗೇ ನಿಂತುಬಿಟ್ಟಿತು. ಪರದೆಯ ನಡುವೆ ಒಂದು ಬಿಳಿ ಚಕ್ರ ತಿರುಗತೊಡಗಿತು. ಸುಮನಾ ನಿಲ್ಲಿಸಲಿಲ್ಲ, "ನಿರಂಜನ, ನಿರಂಜನ" ಎಂದು ಹೇಳಿಯೇ ಮುಗಿಸಿದಳು. ಯಶೋದಾ ಫೋನನ್ನು ಎತ್ತಿ ಜಂತೆಯ ಕಡೆಗೆ ಹಿಡಿದಳು, ಬಾಗಿಲ ಕಡೆಗೆ ಹಿಡಿದಳು. ಚಿತ್ರ ಮತ್ತೆ ಅಲುಗಾಡಿದಾಗ ಆರು ಹತ್ತೊಂಬತ್ತು. ಅಜ್ಜಂಪುರದಲ್ಲಿ ಆಗ ತಾನೇ ಎದುರು ಮನೆಯ ಹೆಂಚಿಗೆ ಬಿಸಿಲು ಬಂದಿತ್ತು.

"ಕೇಳಿಸ್ತಾ?" ಎಂದಳು ಯಶೋದಾ.

"ಒಂದು ಕೇಳಿಸ್ತು," ಎಂದ ದುಶ್ಯಂತ. "ಆಮೇಲೆ ನಿಂತೋಯ್ತು. ಇನ್ನೆರಡು ಈಗ ಒಟ್ಟೊಟ್ಟಿಗೆ ಬಂತು."

"ಆ ಒಂದು ಬಂದಾಗ ಎಷ್ಟಾಗಿತ್ತು?"

ದುಶ್ಯಂತ ನೋಡಿರಲಿಲ್ಲ. ಫೋನು ಕಿವಿಗೆ ಹಿಡಿದಿದ್ದವನು ಗಂಟೆ ಎಲ್ಲಿ ನೋಡುತ್ತಾನೆ? ಹೇಮಶ್ರೀ ಮಾತ್ರ ಪರದೆಯ ಹತ್ತಿರಕ್ಕೆ ಬಂದಳು. ಹೂವು ಒಂದು ಕಡೆಗೆ ಜಾರಿತ್ತು.

"ಟೀಚರ್. ಆ ಒಂದು ಒಳ್ಳೆ ಹೊತ್ತಲ್ಲಿ ಬಿತ್ತಾ?"

ಫೋನಿಗೆ ಕಾಣದ ಕಡೆ ನಿಂತಿದ್ದ ಯಶೋದಾ ಎರಡೂ ಕೈ ಮುಗಿದಳು. ಬಿತ್ತು ಅನ್ನಿ, ಎಂದು ತುಟಿಯಲ್ಲೇ ಹೇಳಿದಳು.

ಬೆನಕಪ್ಪ ದಾರಿ ಹುಡುಕಿಕೊಟ್ಟ. "ಹೆಸರು ಹೇಳಿದ್ದು ಅಜ್ಜಂಪುರದಲ್ಲಿ ತಾನೆ? ಇಲ್ಲಿ ರಾಹುಕಾಲ ಬರೋದು ಮಧ್ಯಾಹ್ನಕ್ಕೆ. ಬಾಯಿ ಇರೋ ಕಡೆ ಲೆಕ್ಕ ಹಿಡೀರಿ ಟೀಚರಮ್ಮ, ಎಲ್ಲ ಸರಿಹೋಗುತ್ತೆ."

"ಹೆಸರು ಬಾಯಿಗಲ್ಲ ಕಣಪ್ಪ, ಕಿವಿಗೆ," ಎಂದರು ತೀರ್ಥಮ್ಮ. ಆಮೇಲೆ ಪರದೆಗೆ ಹೇಳಿದರು: "ನಂಗೆ ಗೊತ್ತಿಲ್ಲ ಹೇಮಾ. ನನ್ನ ಗಡಿಯಾರದಲ್ಲಿ ಒಂದರ್ಧ ನಿಮಿಷ ಬಾಕಿ ಇತ್ತು. ಆದ್ರೆ ಇದು ಕಿಟಕಿ ಲೆಕ್ಕ. ಸೂರ್ಯ ಹುಟ್ಟೋ ಕಡೆ ಒಂದು ದಿಬ್ಬ ಇದ್ರೆ ಎರಡು ನಿಮಿಷ ಆಚೆ, ಮುಳುಗೋ ಕಡೆ ಇದ್ರೆ ಎರಡು ನಿಮಿಷ ಈಚೆ. ಒಳಗೆ ಬಿತ್ತೋ ಹೊರಗೆ ಬಿತ್ತೋ ನಾನು ಹೇಳೋಕಾಗಲ್ಲ. ಬಿತ್ತು ಅಂದ್ರೆ ಸುಳ್ಳಾಗುತ್ತೆ."

"ಒಂದ್ ಮಾತು ಚೆನ್ನಾಗಿದೆ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಟೀಚ್ರೇ?" ಯಶೋದಾಳ ದನಿ ಏರಿತು. "ಮಗು ತಾಯಿ ಕೇಳ್ತಿದ್ದಾಳೆ! ಪರೀಕ್ಷೆ ಪೇಪರಾ ಇದು? ಮೊದ್ಲು ತಪ್ಪು ಹೊತ್ತು ಕೊಟ್ರಿ, ಈಗ ಬಾಯಲ್ಲಾದ್ರೂ ಒಳ್ಳೇದು ಬರ್ಬಾರ್ದಾ?"

ತೀರ್ಥಮ್ಮ ನೋಟುಬುಕ್ಕು ಮುಚ್ಚಿದರು. ಯಶೋದಾ ಹೇಳಿದ್ದರಲ್ಲಿ ತಪ್ಪು ಹೊತ್ತಿನ ಮಾತು ನಿಜವೇ.

"ಅಮ್ಮಾ, ಬಿಡು," ಎಂದಳು ಹೇಮಶ್ರೀ.

"ಏನ್ ಬಿಡೋದು?"

"ಎರಡು ಸಲಾನೂ ಹಿಂದಿನ ವಾರ ಡಾಕ್ಟರಿಗೆ ತೋರಿಸ್ಕೊಂಡು ಬಂದಾಗ ಎಲ್ಲಾ ಚೆನ್ನಾಗಿದೆ, ಏನೂ ಯೋಚ್ನೆ ಮಾಡ್ಬೇಡಿ ಅಂತಾನೇ ಹೇಳಿ ಕಳ್ಸಿದ್ರು ಕಣಮ್ಮ. ನಿಂಗೂ ಅದನ್ನೇ ಫೋನಲ್ಲಿ ಹೇಳಿದ್ದೆ." ಅವಳು ಮಗುವಿನ ಟೋಪಿ ಸರಿಮಾಡಿದಳು. "ಆವತ್ತಿಂದ ಯಾರಾದ್ರೂ ಚೆನ್ನಾಗಿದೆ ಅಂದ್ರೆ ನಂಗೆ ಹೆದರಿಕೆ ಆಗುತ್ತೆ. ಗೊತ್ತಿಲ್ಲ ಅಂತ ಅಂದೋರು ಇವ್ರೊಬ್ರೇ. ಗೊತ್ತಿಲ್ಲ ಅನ್ನೋದನ್ನ ಇಟ್ಕೊಂಡು ಇರ್ಬೋದು. ಇದ್ದೇ ಇದ್ದೀನಲ್ಲ ಮೂರು ತಿಂಗಳಿಂದ."

ಯಶೋದಾ ಸೆರಗಿನಿಂದ ಮುಖ ಒರೆಸಿಕೊಂಡಳು. ಟೀಚರ ಕಡೆ ತಿರುಗಲಿಲ್ಲ. ಇನ್ನೂ ಹದಿನೈದು ದಿನ ತಿರುಗುವವಳಲ್ಲ. ಆದರೆ ಫೋನನ್ನು ಮತ್ತೆ ಸಕ್ಕರೆ ಡಬ್ಬಿಗೆ ಒರಗಿಸಿದಳು.

"ಮತ್ತೆ ಉಳಿದಿದ್ದು?" ಎಂದಳು ಸುಮನಾ. "ತೊಟ್ಟಿಲು, ಆರತಿ? ಎರಡು ಹನ್ನೊಂದಕ್ಕೆ ಕಾಯೋದಾ?"

"ಎರಡಾದ್ಮೇಲೆ ನನ್ನ ಹಸುಗಳು ಕಾಯಲ್ಲ ಅಕ್ಕಾ," ಎಂದ ದುಶ್ಯಂತ.

ಎಲ್ಲರೂ ಹೇಮಶ್ರೀಯನ್ನು ನೋಡಿದರು. ಅವಳು ಮಗುವನ್ನು ತೊಟ್ಟಿಲಿಗೆ ಇಳಿಸಿದಳು. ತೊಟ್ಟಿಲೆಂದರೆ ಸೀರೆ ಸುತ್ತಿದ ಮಗುವಿನ ಪುಟ್ಟ ಮಂಚ, ಅಲ್ಲಿನ ಅಂಗಡಿಯಲ್ಲಿ ಕೊಂಡದ್ದು. ಡೈರಿಯಲ್ಲಿ ಜೊತೆಗೆ ಕೆಲಸ ಮಾಡುವ ಇಬ್ಬರು ಹೆಂಗಸರು ಅಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದವರು, ಈಗ ಹತ್ತಿರ ಬಂದು, ಏನು ಮಾಡಬೇಕೆಂದು ತೋಚದೆ ಚಪ್ಪಾಳೆ ತಟ್ಟಿದರು. ಬೆನಕಪ್ಪ ಅವರಿಗೆ ಇಲ್ಲಿಂದಲೇ ಕೈ ಮುಗಿದ. ಯಶೋದಾ ಜೋಗುಳ ಎತ್ತಿಕೊಂಡಳು. ಮೊದಲ ಸಾಲಿಗೆ ದನಿ ಒಡೆಯಿತು, ಎರಡನೆಯದಕ್ಕೆ ಸುಮನಾ ಸೇರಿಕೊಂಡಳು.

ದುಶ್ಯಂತ ಬೂಟು ಹಾಕಿಕೊಂಡು ಬಾಗಿಲ ಹತ್ತಿರ ಸಿದ್ಧನಾಗಿ ನಿಂತ. ಹಾಡಿನ ನಡುವೆ ಮಗು ಮುಖ ಕಿವುಚಿ ಅಳಲು ಶುರು ಮಾಡಿತು. ಹೇಮಶ್ರೀ ಬಾಟಲಿ ತರಲು ಒಳಗೆ ಹೋದವಳು, ಅಲ್ಲಿಂದಲೇ, ದಿನದ ಮಾತಿನಷ್ಟು ಸಲೀಸಾಗಿ ಕೂಗಿದಳು: "ನಿರಂಜನಾ, ಬಂದೆ ಇರೋ."

ತೀರ್ಥಮ್ಮ ಕೈಗಡಿಯಾರ ನೋಡಿಕೊಂಡರು. ಆರು ಮೂವತ್ತೈದು. ಅಲ್ಲಿ ಇನ್ನೂ ರಾಹುಕಾಲ. ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.